ಸಹಿಯ ಕೆಳಗಿನ ತಾರೀಕು
(ಸಂಘದ ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



"ಮಕ್ಕಳ ವಿಜ್ಞಾನ ಸ್ಪರ್ಧೆಗಳ ಬಗ್ಗೆ ನಾಲ್ಕು ಮಾತು ಆಡಿ" ಎಂದು ಕಾರ್ಯದರ್ಶಿಯವರು ಹೇಳಿದಾಗ ನಾನು ಹಿಂಜರಿದೆ. ನಾನು ವಿಜ್ಞಾನ ಓದಿದವಳಲ್ಲ. ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು. "ನಿಮ್ಮ ಮಗಳ ಪ್ರಾಜೆಕ್ಟಿನ ಕಥೆಯನ್ನೇ ಹೇಳಿ, ಸಾಕು" ಎಂದರು. ಅದರಲ್ಲಿ ನನ್ನ ತಪ್ಪೇ ಹೆಚ್ಚು. ಆದರೂ ಹೇಳುತ್ತೇನೆ.

ಮೊದಲು ಸ್ಪರ್ಧೆಯ ಪರಿಚಯ. ಶಾಲಾ ಮಕ್ಕಳ ಸಂಶೋಧನೆಗೆ ಜಗತ್ತಿನ ಅತಿ ದೊಡ್ಡ ಸ್ಪರ್ಧೆ ಐಸೆಫ್, ಅಂದರೆ ಇಂಟರ್‌ನ್ಯಾಷನಲ್ ಸೈನ್ಸ್ ಆ್ಯಂಡ್ ಎಂಜಿನಿಯರಿಂಗ್ ಫೇರ್. ಅಮೆರಿಕದ ಸೊಸೈಟಿ ಫಾರ್ ಸೈನ್ಸ್ ಎಂಬ ಸಂಸ್ಥೆ ಇದನ್ನು ನಡೆಸುತ್ತದೆ. 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಮಕ್ಕಳಿಗಾಗಿ ಶುರುವಾಗಿ, 1958ರಿಂದ ಬೇರೆ ದೇಶದ ಮಕ್ಕಳಿಗೂ ಬಾಗಿಲು ತೆರೆಯಿತು. ಬಹಳ ವರ್ಷ ಇಂಟೆಲ್ ಹೆಸರಿನಲ್ಲಿ ನಡೆದು, ಈಗ ರೀಜೆನೆರಾನ್ ಕಂಪನಿಯ ಹೆಸರಿನಲ್ಲಿ ನಡೆಯುತ್ತಿದೆ. ಪ್ರತಿ ಮೇ ತಿಂಗಳಲ್ಲಿ 60ಕ್ಕೂ ಹೆಚ್ಚು ದೇಶಗಳಿಂದ 1,500ಕ್ಕೂ ಹೆಚ್ಚು ಮಕ್ಕಳು ಸೇರುತ್ತಾರೆ. ಯಾರೂ ನೇರವಾಗಿ ಅರ್ಜಿ ಹಾಕುವಂತಿಲ್ಲ. ತಮ್ಮ ದೇಶದ ಮಾನ್ಯ ಮೇಳದಲ್ಲಿ ಆಯ್ಕೆಯಾಗಬೇಕು. ನಮ್ಮ ಮಕ್ಕಳಿಗೆ ಐರಿಸ್ ರಾಷ್ಟ್ರೀಯ ಮೇಳ ಅಂಥದೊಂದು ದಾರಿ.

ಮೂಲ ನಿಯಮಗಳು ಸರಳ. ಒಂಬತ್ತರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ ಮಾತ್ರ ಪ್ರವೇಶ. ಮೇ 1ಕ್ಕೆ ಇಪ್ಪತ್ತು ವರ್ಷ ತುಂಬಿರಬಾರದು. ಒಬ್ಬರಿಗೆ ಒಂದೇ ಪ್ರಾಜೆಕ್ಟ್. ತಂಡವಾದರೆ ಹೆಚ್ಚೆಂದರೆ ಮೂವರು. ಹನ್ನೆರಡು ತಿಂಗಳಿಗಿಂತ ಹೆಚ್ಚಿನ ಕೆಲಸವನ್ನು ತೋರಿಸುವಂತಿಲ್ಲ. ಹಿಂದಿನ ವರ್ಷದ ಕೆಲಸವನ್ನು ಮುಂದುವರಿಸಿದ್ದರೆ ಈ ವರ್ಷ ಹೊಸದಾಗಿ ಏನು ಮಾಡಿದೆ ಎಂದು ಬೇರೆ ಫಾರಂನಲ್ಲಿ ಬರೆಯಬೇಕು. ದೊಡ್ಡ ಲ್ಯಾಬಿನಲ್ಲಿ ಮಾಡಿದ್ದರೆ ಮಗು ಮಾಡಿದ್ದು ಎಷ್ಟು, ಲ್ಯಾಬಿನವರು ಮಾಡಿದ್ದು ಎಷ್ಟು ಎಂದು ಅಲ್ಲಿನ ವಿಜ್ಞಾನಿಯೇ ಬರೆದುಕೊಡಬೇಕು. ತೀರ್ಪಿನ ಹೊತ್ತಿಗೆ ತಂದೆತಾಯಿಗೆ ಒಳಗೆ ಪ್ರವೇಶವಿಲ್ಲ. ತೀರ್ಪುಗಾರರಿಗೆ ಮಗುವೇ ಉತ್ತರ ಹೇಳಬೇಕು.

ಅಡುಗೆಮನೆಯ ಮಟ್ಟಿಗೆ ಒಂದು ನಿಯಮ ನೆನಪಿಡಿ. ಮೊಬೈಲ್ ಪರದೆಯನ್ನೋ ಫ್ರಿಜ್ ಹಿಡಿಯನ್ನೋ ಹತ್ತಿಯಿಂದ ಒರೆಸಿ, ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಪ್ರಯೋಗ ಮಕ್ಕಳಿಗೆ ಬಹಳ ಇಷ್ಟ. ಮನೆಯಿಂದ ಮಾದರಿ ತೆಗೆಯಬಹುದು. ಆದರೆ ಬೆಳೆಸುವುದು ತಕ್ಕ ಲ್ಯಾಬಿನಲ್ಲಿ, ತಿಳಿದವರ ಕಣ್ಣೆದುರಿಗೇ ಆಗಬೇಕು. ಕಣ್ಣಿಗೆ ಕಾಣದ ನಾಲ್ಕು ಜೀವಿಗಳು ಆ ತಟ್ಟೆಯಲ್ಲಿ ಕೋಟಿಗಳಾಗುತ್ತವೆ, ಅದರಲ್ಲಿ ರೋಗದ್ದು ಯಾವುದು ಎಂದು ನಮಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಬೆಳೆಸಿದರೆ ಪ್ರಾಜೆಕ್ಟ್ ಅಲ್ಲಿಗೇ ಮುಗಿಯಿತು. ಬೆನ್ನೆಲುಬಿರುವ ಪ್ರಾಣಿಗಳ ಮೇಲಿನ ಪ್ರಯೋಗಕ್ಕೂ ಮೊದಲೇ ಅನುಮತಿ ಬೇಕು.

ಇನ್ನು ನಮ್ಮ ಮನೆಯ ಕಥೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮಗಳು ಹತ್ತನೇ ತರಗತಿ ಮುಗಿಸಿದ ಆ ಮೇ ರಜೆಯಲ್ಲಿ ನಿಮ್ಮ ಮೊಬೈಲಿಗೆ ಒಂದು ಗೂಗಲ್ ಫಾರಂ ಬಂದಿತ್ತು. ಬೆಳಿಗ್ಗೆ ಬೇಗ ಲೋಕಲ್ ಹಿಡಿಯುವ ಹೆಂಗಸರು ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆ, ಮನೆಯಲ್ಲಿರುವವರು ಎಷ್ಟು ಹೊತ್ತು ಮಾಡುತ್ತಾರೆ ಎಂಬುದು ಅವಳ ವಿಷಯ. ನಮ್ಮ ಭಜನಾ ತಂಡ, ನಮ್ಮ ಕಟ್ಟಡ ಎಲ್ಲ ಸೇರಿ 42 ಮಂದಿ ಉತ್ತರ ಕೊಟ್ಟಿರಿ. ಎಷ್ಟು ಗಂಟೆಗೆ ಏಳುತ್ತೀರಿ, ಯಾರಿಗಾಗಿ ಏಳುತ್ತೀರಿ, ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದೆಲ್ಲ ಕೇಳಿದ್ದಳು. ಫಾರಂನಲ್ಲಿ ಹೆಸರೂ ಇತ್ತು. ಹೆಸರು ಹಾಕಿಸಿದ್ದು ನಾನೇ. "ಯಾರು ಕೊಟ್ಟರು, ಯಾರು ಕೊಡಲಿಲ್ಲ ಅಂತ ಗೊತ್ತಾಗಬೇಡವಾ?" ಎಂದಿದ್ದೆ. ಬ್ಯಾಂಕಿನ ಬುದ್ಧಿ.

ಜುಲೈಯಲ್ಲಿ ಸ್ಪರ್ಧೆಯ ಫಾರಂ ತುಂಬಲು ಕೂತಾಗ ನಿಯಮ ಕಣ್ಣಿಗೆ ಬಿತ್ತು. ಮನುಷ್ಯರಿಂದ ಮಾಹಿತಿ ಪಡೆಯುವ ಯಾವ ಪ್ರಾಜೆಕ್ಟ್ ಆದರೂ, ಬರೀ ಪ್ರಶ್ನಾವಳಿ ಆದರೂ, ಮೊದಲನೆಯ ವ್ಯಕ್ತಿಯನ್ನು ಕೇಳುವ ಮೊದಲೇ ಒಂದು ಪರಿಶೀಲನಾ ಸಮಿತಿಯ ಅನುಮತಿ ಆಗಿರಬೇಕು. ಸಮಿತಿಯಲ್ಲಿ ಕಡಿಮೆಯೆಂದರೆ ಮೂವರು: ಒಬ್ಬ ಶಿಕ್ಷಕರು, ಶಾಲೆಯ ಆಡಳಿತದ ಒಬ್ಬರು, ವೈದ್ಯರು, ಮನಶ್ಶಾಸ್ತ್ರಜ್ಞರಂಥ ಒಬ್ಬರು. ಪ್ರಾಜೆಕ್ಟಿಗೆ ಮಾರ್ಗದರ್ಶನ ಮಾಡುವ ಶಿಕ್ಷಕರು, ಮಗುವಿನ ತಂದೆತಾಯಿ ಅದರಲ್ಲಿ ಇರುವಂತಿಲ್ಲ. ಅವರು ಸಹಿ ಮಾಡಿ, ಸಹಿಯ ಕೆಳಗೆ ತಾರೀಕು ಹಾಕಬೇಕು. ಆ ತಾರೀಕು ಪ್ರಯೋಗ ಶುರುವಾದ ತಾರೀಕಿಗಿಂತ ಮುಂಚಿನದಾಗಿರಬೇಕು. ನಮ್ಮಲ್ಲಿ ಪ್ರಯೋಗ ಮುಗಿದೇ ಎರಡು ತಿಂಗಳಾಗಿತ್ತು.

ನನಗೆ ಸಿಟ್ಟು ಬಂತು. ನಿದ್ದೆಯ ಬಗ್ಗೆ ಕೇಳಲು ಡಾಕ್ಟರ ಅನುಮತಿ ಯಾಕೆ? ನಾವು ದಿನಾ ಟ್ರೈನಿನಲ್ಲಿ ಅದನ್ನೇ ಮಾತಾಡುವುದಿಲ್ಲವೇ? ಫೀಸು ತೆಗೆದುಕೊಂಡು ಇಂಥ ಪ್ರಾಜೆಕ್ಟುಗಳಿಗೆ ತಯಾರಿ ಮಾಡಿಸುವ ಒಬ್ಬರನ್ನು ಕೇಳಿದೆ. ಅವರು ನಕ್ಕು, "ಮೇಡಂ, ಏಪ್ರಿಲ್ ತಾರೀಕು ಹಾಕಿಸಿಬಿಡಿ. ಯಾರು ನೋಡ್ತಾರೆ?" ಎಂದರು. ಬ್ಯಾಂಕಿನಲ್ಲಿ ಹಿಂದಿನ ತಾರೀಕು ಹಾಕಿದ ಒಂದು ವೋಚರನ್ನೂ ಪಾಸು ಮಾಡದವಳು ನಾನು. ಆದರೆ ಮಗಳ ಭವಿಷ್ಯ ಅಂದ ಕೂಡಲೇ "ಹೌದಲ್ಲ" ಅನ್ನಿಸಿತು. ಪೋಷಕರು ಸಹಿ ಮಾಡುವ ಜಾಗದಲ್ಲಿ ಏಪ್ರಿಲ್ ತಾರೀಕು ಬರೆಯಲು ಪೆನ್ನು ತೆಗೆದೇ ಬಿಟ್ಟೆ.

ಮಗಳು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. "ಅಮ್ಮ, ಒಂದೊಂದು ಉತ್ತರದ ಪಕ್ಕದಲ್ಲೂ ತಾರೀಕು, ಗಂಟೆ, ನಿಮಿಷ ಬಂದಿದೆ. ಟೀಚರ್ ನನ್ನ ಪ್ಲಾನ್ ನೋಡಿದ್ದೇ ಜೂನಲ್ಲಿ. ನೀನು ಒಂದು ತಾರೀಕು ಬದಲಾಯಿಸಿದರೆ ನಾನು 42 ಬದಲಾಯಿಸಬೇಕು. ಆಮೇಲೆ ತೀರ್ಪುಗಾರರು ಎಂತ ಕೇಳಿದರೂ ನಾನು ಅದನ್ನೇ ನೆನಪಿಟ್ಟುಕೊಂಡು ಉತ್ತರ ಹೇಳಬೇಕು. ನೀನಂತೂ ಒಳಗೆ ಬರುವುದಿಲ್ಲ."

ನಾನು ಪೆನ್ನು ಕೆಳಗಿಟ್ಟೆ. ನಿಜ ಹೇಳಬೇಕೆಂದರೆ ಒಪ್ಪಿ ಇಟ್ಟದ್ದಲ್ಲ, ಮುನಿಸಿಕೊಂಡು ಇಟ್ಟದ್ದು.

ನಿಯಮ ಯಾಕಿದೆ ಎಂದು ನನಗೆ ಅರ್ಥವಾದದ್ದು ಶ್ರಾವಣ ಶುಕ್ರವಾರ. ಅರಸಿನ ಕುಂಕುಮಕ್ಕೆ ಎಲ್ಲರೂ ಮನೆಗೆ ಬಂದಿದ್ದರು. ಆ 42 ಉತ್ತರಗಳ ಪ್ರಿಂಟ್ ಊಟದ ಮೇಜಿನ ಮೂಲೆಯಲ್ಲಿ ಬಿದ್ದಿತ್ತು. ಲೆಕ್ಕ ಹಾಕಲೆಂದು ನಾನೇ ತೆಗೆದಿಟ್ಟದ್ದು. ಮರುವಾರ ಭಜನೆಯ ನಂತರ ಒಬ್ಬರು ಇನ್ನೊಬ್ಬರನ್ನು ಎಲ್ಲರೆದುರೇ ಕೇಳಿದರು: "ಅಕ್ಕಾ, ನೀವು ನಿದ್ದೆ ಮಾತ್ರೆ ತಗೊಳ್ತೀರಂತೆ, ಮನೆಯಲ್ಲಿ ಏನು ಚಿಂತೆ?" ಕೇಳಿದವರಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಆ ಅಕ್ಕನ ಮುಖ ನಾನು ಮರೆಯುವುದಿಲ್ಲ. ಅವರ ಸೊಸೆಯೂ ಅಲ್ಲೇ ಕೂತಿದ್ದಳು. ಮುಂದೆ ಎರಡು ತಿಂಗಳು ಆ ಅಕ್ಕ ಭಜನೆಗೆ ಬರಲಿಲ್ಲ. ನಾನೂ ಮಗಳೂ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವರು ಚಹಾ ಕೊಟ್ಟರು, ಆದರೆ ಹೆಚ್ಚು ಮಾತಾಡಲಿಲ್ಲ. ಇವತ್ತು ಈ ಮಾತು ಹೇಳುವ ಮೊದಲು ಫೋನ್ ಮಾಡಿ ಅವರ ಒಪ್ಪಿಗೆ ಕೇಳಿದೆ. "ಹೆಸರು ಹೇಳಬೇಡ, ವಿಷಯ ಹೇಳು" ಎಂದಿದ್ದಾರೆ.

ಮಗಳು ಆ 42 ಉತ್ತರಗಳನ್ನೂ ಅಳಿಸಿ ಹೊಸದಾಗಿ ಶುರು ಮಾಡಿದಳು. ಈ ಸಲ ಶಾಲೆಯ ಸಮಿತಿ ಕೂತಿತು: ಜೀವಶಾಸ್ತ್ರದ ಒಬ್ಬರು ಟೀಚರ್, ಉಪಪ್ರಾಂಶುಪಾಲರು, ಒಬ್ಬ ಡಾಕ್ಟರ್. ಅವರು ಮೂರು ಬದಲಾವಣೆ ಹೇಳಿದರು. ಹೆಸರು ಬೇಡ, ಬರೀ ಸಂಖ್ಯೆ ಇರಲಿ. ಮಾತ್ರೆಯ ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋಗುವ ಅವಕಾಶ ಇರಲಿ. ಮೊದಲ ಪುಟದಲ್ಲಿ ಇದು ಯಾತಕ್ಕೆ, ಉತ್ತರಗಳು ಯಾರ ಬಳಿ ಇರುತ್ತವೆ, ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ಸರಳವಾಗಿ ಬರೆದಿರಲಿ. ಮಗಳು ಅದನ್ನು ಕನ್ನಡದಲ್ಲೂ ಬರೆದಳು. ನಾನು ತಿದ್ದಿಕೊಟ್ಟೆ. ನಾನು ಮಾಡಿದ ಸಹಾಯ ಅಷ್ಟೇ.

ಎರಡನೇ ಸಲ 31 ಮಂದಿ ಒಪ್ಪಿದರು. ಆ ಅಕ್ಕ ಒಪ್ಪಲಿಲ್ಲ. ಮಗಳು "ಆಯ್ತು ಆಂಟಿ, ಥ್ಯಾಂಕ್ಸ್" ಎಂದು ಎದ್ದು ಬಂದಳು. ಬೇಡ ಎನ್ನುವ ಹಕ್ಕನ್ನೂ ಅದೇ ನಿಯಮ ಕೊಡುತ್ತದೆ. ಇನ್ನೊಂದು ಮಾತು. ಹೆಸರಿಲ್ಲದ ಈ ಉತ್ತರಗಳಲ್ಲಿ ನಿದ್ದೆಯ ಗಂಟೆ ಮೊದಲಿಗಿಂತ ಕಡಿಮೆ ಬಂತು, ಮಾತ್ರೆ ಎಂದವರು ಹೆಚ್ಚಾದರು. ಹೆಸರು ಹಾಕಿಸಿದಾಗ ನಾವು ಒಬ್ಬರಿಗೊಬ್ಬರು ಚೆನ್ನಾಗಿ ಕಾಣುವ ಉತ್ತರ ಕೊಟ್ಟಿದ್ದೆವೋ ಏನೋ.

ಬಹುಮಾನ ಬಂತಾ ಎಂದು ಕೇಳುತ್ತೀರಿ. ಇಲ್ಲ. ಇದೆಲ್ಲ ಆಗುವಷ್ಟರಲ್ಲಿ ಆ ವರ್ಷದ ಗಡುವು ಮುಗಿದಿತ್ತು. ಮರುವರ್ಷ ಕಳಿಸಿದಳು, ರಾಷ್ಟ್ರಮಟ್ಟಕ್ಕೆ ಆಯ್ಕೆಯಾಗಲಿಲ್ಲ. ಎರಡು ದಿನ ಅತ್ತಳು. ನಾನೂ ಅತ್ತೆ. ಈಗ ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದಾಳೆ.

ಮಕ್ಕಳನ್ನು ಇಂಥ ಸ್ಪರ್ಧೆಗೆ ಕಳಿಸುವ ತಾಯಂದಿರಿಗೆ ನನ್ನ ಅನುಭವದಿಂದ ಕೆಲವು ಮಾತು. ವಿಷಯ ಆರಿಸುವ ಮೊದಲೇ ಆ ವರ್ಷದ ನಿಯಮ ಪುಸ್ತಕ ಓದಿ. ಅದು ಸೊಸೈಟಿ ಫಾರ್ ಸೈನ್ಸ್ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮನುಷ್ಯರು, ಪ್ರಾಣಿಗಳು, ಬ್ಯಾಕ್ಟೀರಿಯಾ, ಅಪಾಯಕಾರಿ ರಾಸಾಯನಿಕ, ಇವುಗಳಲ್ಲಿ ಯಾವುದಾದರೂ ಇದ್ದರೆ ಕೆಲಸಕ್ಕೆ ಮೊದಲು ಯಾರ ಸಹಿ ಬೇಕು ಎಂದು ಶಿಕ್ಷಕರನ್ನು ಕೇಳಿ. ದಿನಚರಿ ಪುಸ್ತಕವನ್ನು ಮಗುವೇ ಬರೆಯಲಿ, ಅದೇ ದಿನ ಬರೆಯಲಿ. ಚಾರ್ಟು ನೀವು ಬಿಡಿಸಬೇಡಿ. "ಯಾರು ನೋಡ್ತಾರೆ" ಎನ್ನುವವರಿಗೆ ಫೀಸು ಕೊಡಬೇಡಿ.

ಇನ್ನು ಮಕ್ಕಳಿಲ್ಲದವರಿಗೂ, ಮಕ್ಕಳು ದೊಡ್ಡವರಾದವರಿಗೂ ಒಂದು ಕೋರಿಕೆ. ನಾಳೆ ನಮ್ಮ ಸಂಘದ ಯಾವುದೋ ಮಗು ಒಂದು ಫಾರಂ ಹಿಡಿದು ನಿಮ್ಮ ಬಾಗಿಲಿಗೆ ಬರಬಹುದು. "ಪಾಪ, ಮಗು" ಎಂದು ಓದದೆ ಸಹಿ ಹಾಕಬೇಡಿ. ಒಳಗೆ ಕೂರಿಸಿ ಮೊದಲ ಪುಟ ಪೂರ್ತಿ ಓದಿ, ಅನುಮಾನ ಇದ್ದರೆ ಕೇಳಿ, ಬೇಡವೆನಿಸಿದರೆ ಬೇಡ ಎನ್ನಿ. ಆ ಮಗುವಿಗೆ ಅದೂ ಒಂದು ಪಾಠ.