ಮಗಳು ಶಿಬಿರಕ್ಕ ಹೊಂಟಾಳ: ಬ್ಯಾಡ ಅನ್ನೋ ಮೊದಲು

(ಗೊಬ್ಬೂರಿನ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಘಗಳ ಭೇಟಿಗೆ ಹೋದಾಗ ಒಬ್ಬ ತಾಯಿ ನಮ್ಮನ್ನು ಕೇಳಿದರು: "ಮಗಳು ಸಾಲಿಯಾಗ ಗೈಡ್ ಸೇರ್‍ಯಾಳ. ಶಿಬಿರಕ್ಕ ಹೋಗ್ತೀನಂತ ಹಟ ಹಿಡದಾಳ. ಗಂಡುಹುಡುಗೂರನ್ನಾದ್ರ ಕಳಸಬಹುದು. ಹೆಣ್ಣುಮಗಳನ್ನ ಗುರ್ತಿಲ್ಲದ ಊರಿಗೆ ಹೆಂಗ ಕಳಸೋದ್ರೀ?" ಇದು ಒಬ್ಬರ ಪ್ರಶ್ನೆಯಲ್ಲ, ನಮ್ಮೆಲ್ಲರ ಪ್ರಶ್ನೆ. ಅದಕ್ಕೇ ಇವತ್ತು ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಇದನ್ನೇ ಮಾತಾಡೋಣ.

ಈ ಶಿಬಿರಗಳು ಶುರುವಾಗಿದ್ದು 1907ರಲ್ಲಿ. ಇಂಗ್ಲೆಂಡಿನ ಒಂದು ಸಣ್ಣ ದ್ವೀಪದಲ್ಲಿ ಬೇಡೆನ್ ಪೊವೆಲ್ ಎಂಬುವರು ಶ್ರೀಮಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಒಂದೇ ತಂಡದಲ್ಲಿ ಕೂಡಿಸಿ ಡೇರೆಯಲ್ಲಿ ಇರಿಸಿದರು. ಅದು ಬರೀ ಗಂಡುಹುಡುಗರ ಶಿಬಿರ. 1909ರಲ್ಲಿ ಲಂಡನ್ನಿನಲ್ಲಿ ಸ್ಕೌಟುಗಳ ಮೇಳ ನಡೆದಾಗ ಕೆಲವು ಹುಡುಗಿಯರು ಯಾರೂ ಕರೆಯದಿದ್ದರೂ ಬಂದು, "ನಾವೂ ಬರ್ತೀವಿ" ಎಂದು ನಿಂತರು. ಅದರಿಂದ ಮರುವರ್ಷವೇ ಗೈಡ್ ಸಂಸ್ಥೆ ಹುಟ್ಟಿತು. ನಮ್ಮ ದೇಶದಲ್ಲಿ ಬ್ರಿಟಿಷರು ಮೊದಲು ಭಾರತೀಯ ಮಕ್ಕಳನ್ನು ಸ್ಕೌಟಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅನಿ ಬೆಸೆಂಟ್ ಅಂಥವರು ನಮ್ಮ ಮಕ್ಕಳಿಗಾಗಿಯೇ ಬೇರೆ ದಳ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950-51ರಲ್ಲಿ ಎಲ್ಲಾ ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಬಾಗಿಲು ತಾನಾಗೇ ತೆರೆಯಲಿಲ್ಲ, ತಾಯಂದಿರೇ. ಹೊರಗೆ ನಿಂತವರು ಬಡಿದು ತೆರೆಸಿದರು.

ಬೇರೆ ಬೇರೆ ದೇಶದ ಮಕ್ಕಳು ಕೂಡಿ ಬಿಡಾರ ಹೂಡುವ ಇಂಥ ಮೇಳಕ್ಕೆ ಜಾಂಬೂರಿ ಅಂತಾರೆ. ಮೊದಲನೆಯ ವಿಶ್ವ ಜಾಂಬೂರಿ ನಡೆದಿದ್ದು 1920ರಲ್ಲಿ ಲಂಡನ್ನಿನಲ್ಲಿ. ನಮ್ಮ ರಾಜ್ಯದಲ್ಲೂ 2022ರ ಡಿಸೆಂಬರ್ 21ರಿಂದ 27ರವರೆಗೆ ದಕ್ಷಿಣ ಕನ್ನಡದ ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ, ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಆವರಣದಲ್ಲಿ, ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ದೇಶದ ನಾನಾ ರಾಜ್ಯಗಳಿಂದ ಸಾವಿರಾರು ಮಕ್ಕಳು, ಹೊರದೇಶದ ಮಕ್ಕಳೂ ಬಂದಿದ್ದರು. ಇಂಥ ಶಿಬಿರದಲ್ಲಿ ಮಕ್ಕಳು ತಂಡ ಕಟ್ಟಿಕೊಂಡು ತಮ್ಮ ಕೆಲಸ ತಾವೇ ಮಾಡ್ತಾರೆ. ತಮ್ಮ ಹಾಡು, ಕುಣಿತ, ಊಟ, ಉಡುಪು ಒಬ್ಬರಿಗೊಬ್ಬರು ತೋರಿಸ್ತಾರೆ, ಬ್ಯಾಡ್ಜ್ ಅದಲುಬದಲು ಮಾಡ್ಕೊಂತಾರೆ. ಭಾಷೆ ಬಾರದಿದ್ದರೂ ಗೆಳೆತನ ಆಗ್ತದೆ.

ಇದು ನಮಗೇನು ಹೊಸದಲ್ಲ. ನಮ್ಮ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮಾ-ಅಮರಜಾ ಸಂಗಮಕ್ಕೆ ಮರಾಠಿ ಮಾತಾಡುವ ಜನ ಎಷ್ಟು ಬರ್ತಾರೆ! ಕಲಬುರಗಿಯ ಬಂದೇ ನವಾಜ್ ದರ್ಗಾಕ್ಕೆ ಎಲ್ಲಾ ಜಾತಿಯವರೂ ಹೋಗ್ತೀವಿ. ನಮ್ಮ ಕಡೆಯವರು ದುಡಿಯಲಿಕ್ಕೆ ಪುಣೆಗೆ ಹೋಗ್ತಾರಲ್ಲ, ಆ ಪುಣೆಯಲ್ಲೇ ಜಗತ್ತಿನ ಗೈಡ್ ಹುಡುಗಿಯರಿಗಾಗಿ 1966ರಲ್ಲಿ ಒಂದು ವಿಶ್ವ ಕೇಂದ್ರ ತೆರೆದರು. ಅದರ ಹೆಸರೂ "ಸಂಗಮ್".

ಆದರೆ ನಿಮ್ಮ ಭಯ ಸುಳ್ಳಲ್ಲ. 2023ರ ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದಲ್ಲಿ ನಡೆದ ವಿಶ್ವ ಜಾಂಬೂರಿಗೆ ಸುಮಾರು 43 ಸಾವಿರ ಮಂದಿ ಬಂದಿದ್ದರು. ನೆರಳಿಲ್ಲದ ಬಯಲು, ಉರಿಬಿಸಿಲು. ನೂರಾರು ಮಕ್ಕಳು ಕಾಯಿಲೆ ಬಿದ್ದರು. ಶೌಚಾಲಯದ ಸ್ವಚ್ಛತೆಯ ಬಗ್ಗೆಯೂ ದೂರು ಬಂತು. ಕಡೆಗೆ ಚಂಡಮಾರುತ ಬರ್ತದೆಂದು ಎಲ್ಲರನ್ನೂ ಅಲ್ಲಿಂದ ಎಬ್ಬಿಸಬೇಕಾಯಿತು. ಅಷ್ಟು ದೊಡ್ಡವರೇ ತಪ್ಪಿದಾಗ, ನಾವು ಕೇಳಿ ತಿಳಿದುಕೊಳ್ಳೋದರಲ್ಲಿ ನಾಚಿಕೆ ಏನೂ ಇಲ್ಲ. ಆದ್ದರಿಂದ ಬ್ಯಾಡ ಅನ್ನೋ ಮೊದಲು ಶಾಲೆಗೆ ಹೋಗಿ ಇವನ್ನು ಕೇಳಿರಿ:

1. ಹುಡುಗಿಯರ ಸಂಗಡ ಹೋಗುವ ಶಿಕ್ಷಕಿ ಯಾರು? ಅವರ ಫೋನ್ ನಂಬರ್ ಕೊಡ್ತೀರಾ?
2. ಹುಡುಗಿಯರಿಗೆ ಮಲಗಲು, ಸ್ನಾನಕ್ಕೆ, ಶೌಚಕ್ಕೆ ಬೇರೆ ವ್ಯವಸ್ಥೆ ಇದೆಯೇ? ರಾತ್ರಿ ಕಾವಲು ಯಾರು?
3. ಕುಡಿಯುವ ನೀರು, ನೆರಳು, ಡಾಕ್ಟರು ಇರುತ್ತಾರೆಯೇ?
4. ಖರ್ಚೆಷ್ಟು? ನಾವು ಕೊಡಬೇಕಾದದ್ದೆಷ್ಟು?

ಒಪ್ಪಿಗೆ ಪತ್ರವನ್ನು ಓದಿಸಿ ಕೇಳಿದ ಮೇಲೇ ಸಹಿ ಮಾಡಿರಿ.

ಇನ್ನೊಂದು ಮಾತು. ಮೂಡುಬಿದಿರೆಯ ಜಾಂಬೂರಿ ನಡೆದಿದ್ದು ಡಿಸೆಂಬರಿನಲ್ಲಿ, ನಮಗೆ ತೊಗರಿ ಕೊಯ್ಯುವ ಹೊತ್ತು. ಮಗಳು ಹೋದರೆ ಸಣ್ಣ ಕೂಸನ್ನು ನೋಡೋರು ಯಾರು ಎಂಬ ಚಿಂತೆ ಖರೇ ಇರ್ತದೆ. ಇಲ್ಲೇ ಸಂಘ ಬೇಕಾಗೋದು. ಒಂದು ವಾರ ನಿಮ್ಮ ಕೂಸನ್ನು ನಾವು ನೋಡ್ತೀವಿ ಅಂತ ಪಕ್ಕದಾಕೆ ಹೇಳಿದರೆ ಸಾಕು, ಒಂದು ಹುಡುಗಿ ಹೊರಗಿನ ಜಗತ್ತು ನೋಡಿ ಬರ್ತಾಳೆ.

ನಾವೂ ಮೊದಲ ಸಭೆಗೆ ಬಂದಾಗ ಓಣಿ ಓಣಿಯವರು ಬೇರೆ ಬೇರೆ ಕೂತಿದ್ದಿಲ್ಲೇನು? ಇವತ್ತು ಒಂದೇ ಜಮಖಾನೆ ಮೇಲೆ ಕೂತು ಒಂದೇ ಕೆಟಲಿನ ಚಹಾ ಕುಡಿತೀವಿ. ಇದನ್ನು ಕಲೀಲಿಕ್ಕೆ ನಮಗೆ ಅರ್ಧ ಆಯುಷ್ಯ ಬೇಕಾಯ್ತು. ಮಕ್ಕಳು ಹದಿಮೂರಕ್ಕೇ ಕಲೀಲಿ.

ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ ಒಂದು ನಿರ್ಣಯ ಬರೆಯಿರಿ: "ನಮ್ಮ ಸಾಲಿಯಾಗ ಗೈಡ್ ದಳ ಅದನೋ ಇಲ್ಲೋ, ಮೂರು ಮಂದಿ ಹೋಗಿ ಹೆಡ್‌ಮಾಸ್ತರರನ್ನು ಕೇಳಿ ಬರಬೇಕು." ಇಲ್ಲದಿದ್ದರೆ ಶುರು ಮಾಡ್ರಿ ಅಂತ ಅರ್ಜಿ ಕೊಡೋಣ.

ದೇವರು ನಮ್ಮ ಮಕ್ಕಳನ್ನು ಕಾಯಲಿ.