ವಾರಕ್ಕೆ ಎರಡು ಗಂಟೆ: ಬಡವರಿಗೆ ವಕೀಲರ ಉಚಿತ ಸೇವೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ವಕೀಲನಿಗೇನು ಕೆಲಸ ಎಂದು ಕೆಲವರಿಗೆ ಅನಿಸಬಹುದು. ನಮ್ಮಂತಹ ಸಂಘಗಳು ವಿದ್ಯಾರ್ಥಿವೇತನ ಕೊಟ್ಟು ಮಕ್ಕಳನ್ನು ಓದಿಸುತ್ತವೆ. ಅವರಲ್ಲಿ ಕೆಲವರು ಕಾನೂನು ಓದಿ ಕಪ್ಪು ಕೋಟು ತೊಡುತ್ತಾರೆ. ಆ ಕೋಟು ಬಂದ ಮೇಲೆ ಅವರು ತಾವು ಬಂದ ಗಲ್ಲಿಗೆ ಏನನ್ನು ಹಿಂತಿರುಗಿಸಬೇಕು? ಇಂದು ನಾನು ಮಾತನಾಡಬೇಕೆಂದಿರುವುದು ಇದನ್ನೇ.

ಮೊದಲು ಒಂದು ಹಳೆಯ ಸಂಗತಿ ಹೇಳುತ್ತೇನೆ. 1979ರ ಆರಂಭದಲ್ಲಿ, ಪೊಲೀಸ್ ಆಯೋಗದ ಸದಸ್ಯರಾಗಿದ್ದ ಕೆ.ಎಫ್. ರುಸ್ತುಂಜಿ ಅವರು ಬಿಹಾರದ ಜೈಲುಗಳ ಸ್ಥಿತಿಯನ್ನು ಕುರಿತು 'ಇಂಡಿಯನ್ ಎಕ್ಸ್‌ಪ್ರೆಸ್' ಪತ್ರಿಕೆಯಲ್ಲಿ ಬರೆದರು. ಅಪರಾಧ ರುಜುವಾತಾಗಿದ್ದರೆ ಎಷ್ಟು ವರ್ಷ ಶಿಕ್ಷೆಯಾಗುತ್ತಿತ್ತೋ ಅದಕ್ಕಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದ ಕೈದಿಗಳ ಕಥೆ ಅದು. ಆ ಲೇಖನವನ್ನು ದೇಶದಲ್ಲಿ ಸಾವಿರಾರು ವಕೀಲರು ಓದಿರಬಹುದು. ಕಪಿಲಾ ಹಿಂಗೋರಾಣಿ ಎಂಬ ವಕೀಲೆ ಅದನ್ನು ಓದಿ ಮಡಚಿಡಲಿಲ್ಲ. ಪತಿಯೊಡನೆ ಸೇರಿ ಅದನ್ನೇ ಆಧಾರ ಮಾಡಿಕೊಂಡು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಕೈದಿಗಳಲ್ಲಿ ಒಬ್ಬಳಾದ ಹುಸೈನಾರಾ ಖಾತೂನಳ ಹೆಸರಿನಿಂದಲೇ ಆ ಪ್ರಕರಣ ಪ್ರಸಿದ್ಧವಾಯಿತು. ಶೀಘ್ರ ವಿಚಾರಣೆಯೂ, ಬಡ ಆರೋಪಿಗೆ ಉಚಿತ ವಕೀಲರ ನೆರವೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಹೇಳಿತು. ಈ ಪ್ರಕರಣದಿಂದಾಗಿ ಸುಮಾರು 40 ಸಾವಿರ ವಿಚಾರಣಾಧೀನ ಕೈದಿಗಳು ಹೊರಬಂದರೆಂದು ಲೆಕ್ಕ. ಅಷ್ಟು ಜನರಲ್ಲಿ ಯಾರೂ ಫೀಸು ಕೊಟ್ಟವರಲ್ಲ.

ಬಂಧುಗಳೇ, ಇದು ದೊಡ್ಡ ವಕೀಲರ ದೊಡ್ಡ ಕಥೆ, ನಮ್ಮ ತಾಲ್ಲೂಕು ಕೋರ್ಟಿನ ವಕೀಲರಿಗೆ ಇದರಿಂದ ಏನು ಎಂದು ಕೇಳಬಹುದು. ಅಂದು ಹಿಂಗೋರಾಣಿಯವರ ಮುಂದೆ ದಾರಿ ಇರಲಿಲ್ಲ, ಅವರೇ ದಾರಿ ಕಡಿಯಬೇಕಾಯಿತು. ಇಂದು ದಾರಿ ಇದೆ, ನಡೆಯುವವರು ಕಡಿಮೆ.

ಆ ದಾರಿ ಯಾವುದು ಎಂದು ನೋಡೋಣ. 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪಬಾರದು ಎಂಬುದು ಅದರ ಸಾರ. ಅದನ್ನು ಜಾರಿಗೆ ತರಲು 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಬಂತು. 1995ರ ನವೆಂಬರ್ 9ರಂದು ಅದು ಜಾರಿಯಾಯಿತು. ಇಂದು ಬೆಂಗಳೂರಿನ ನ್ಯಾಯದೇಗುಲ ಕಟ್ಟಡದಲ್ಲಿ ರಾಜ್ಯ ಪ್ರಾಧಿಕಾರವಿದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕಿನಲ್ಲಿ ಕಾನೂನು ಸೇವಾ ಸಮಿತಿ ಇವೆ.

ಯಾರಿಗೆ ಈ ನೆರವು ಎಂಬುದನ್ನು ಕಾಯ್ದೆಯ 12ನೇ ಕಲಮು ಹೇಳುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಜೀತ ಮತ್ತು ಮಾನವ ಸಾಗಣೆಗೆ ಬಲಿಯಾದವರು, ಪ್ರಕೃತಿ ವಿಕೋಪ ಅಥವಾ ಜನಾಂಗೀಯ ಹಿಂಸೆಗೆ ಸಿಕ್ಕವರು ಇದರಲ್ಲಿ ಸೇರುತ್ತಾರೆ. ಇವರಾರೂ ಅಲ್ಲದವರಿಗೆ ಆದಾಯದ ಮಿತಿಯಿದೆ. ಕರ್ನಾಟಕದಲ್ಲಿ ಅದು ವರ್ಷಕ್ಕೆ 3 ಲಕ್ಷ ರೂಪಾಯಿ. ಒಂದು ಮಾತನ್ನು ಗಮನಿಸಿ: ಮಹಿಳೆಗೆ ಆದಾಯದ ಮಿತಿಯೇ ಇಲ್ಲ. ಬೀಡಿ ಕಟ್ಟುವ ಹೆಣ್ಣುಮಗಳಾಗಲಿ, ಶಾಲೆಯ ಶಿಕ್ಷಕಿಯಾಗಲಿ, ಜೀವನಾಂಶದ ಅರ್ಜಿ ಹಾಕಲು ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಕೇಳಬಹುದು. ವಕೀಲರ ಫೀಸು ಮಾತ್ರವಲ್ಲ, ಕೋರ್ಟು ಶುಲ್ಕ, ದಾಖಲೆಗಳ ನಕಲು, ಭಾಷಾಂತರದ ಖರ್ಚೂ ಈ ನೆರವಿನಲ್ಲಿ ಸೇರಿವೆ. ಆದಾಯದ ಬಗ್ಗೆ ಅಫಿಡವಿಟ್ ಕೊಟ್ಟರೆ, ಅದನ್ನು ಅನುಮಾನಿಸಲು ಕಾರಣವಿಲ್ಲದಿದ್ದಲ್ಲಿ, ಅಷ್ಟೇ ಸಾಕು.

ಇಷ್ಟೆಲ್ಲ ಇದ್ದ ಮೇಲೆ ಸ್ವಯಂಸೇವಕ ವಕೀಲರು ಯಾಕೆ ಬೇಕು? ಹಕ್ಕು ಕಚೇರಿಯಲ್ಲಿದೆ, ಬಡವ ಮನೆಯಲ್ಲಿದ್ದಾನೆ, ನಡುವೆ ಕೈಹಿಡಿದು ಕರೆದೊಯ್ಯುವವರು ಬೇಕು. ಉದಾಹರಣೆಗೆ ಚೆಕ್ಕಿನ ಪ್ರಕರಣವನ್ನೇ ತೆಗೆದುಕೊಳ್ಳಿ. ಕೈಸಾಲ ಪಡೆಯುವಾಗ ಸಹಿ ಹಾಕಿದ ಖಾಲಿ ಚೆಕ್ಕು ಕೊಟ್ಟವರು ನಮ್ಮ ನಡುವೆ ಎಷ್ಟೋ ಜನ. ಆ ಚೆಕ್ಕು ಬ್ಯಾಂಕಿನಿಂದ ಹಿಂತಿರುಗಿದಾಗ ನೋಟಿಸು ಬರುತ್ತದೆ. ನೋಟಿಸು ತಲುಪಿದ ಮೇಲೆ ಹಣ ಕೊಡಲು ಇರುವ ಅವಧಿ ಬರೀ 15 ದಿನ. ಇಂಗ್ಲಿಷಿನಲ್ಲಿರುವ ಆ ಕಾಗದವನ್ನು ಓದಲಾರದ ಮನೆಯವರು ಅದನ್ನು ಟ್ರಂಕಿನೊಳಗೆ ಇಡುತ್ತಾರೆ. ಸಮನ್ಸು ಬಂದಾಗ ವಕೀಲರನ್ನು ಹುಡುಕುತ್ತಾರೆ. ಆ 15 ದಿನಗಳೊಳಗೆ ಒಬ್ಬ ವಕೀಲ ಅರ್ಧ ಗಂಟೆ ಕೊಟ್ಟು ಓದಿ ಹೇಳಿದ್ದರೆ, ಸರಿಯಾದ ಉತ್ತರ ಬರೆದಿದ್ದರೆ, ಎಷ್ಟೋ ವರ್ಷದ ಅಲೆದಾಟ ತಪ್ಪುತ್ತಿತ್ತು. ಇಂತಹ ಅರ್ಧ ಗಂಟೆಯೇ ಬಡವನಿಗೆ ಸಿಗದಿರುವುದು.

ವಕೀಲ ಮಿತ್ರರು "ನಮ್ಮ ಹೊಟ್ಟೆಪಾಡೂ ಇದೆಯಲ್ಲ" ಎನ್ನುತ್ತಾರೆ. ಅದು ನ್ಯಾಯವಾದ ಮಾತು. ಭಾರತೀಯ ವಕೀಲರ ಪರಿಷತ್ತಿನ ನಿಯಮವೂ ಇದನ್ನು ಮರೆತಿಲ್ಲ. ದುಡ್ಡು ಕೊಡಲಾರದವನಿಗೂ ವಕೀಲರ ನೆರವು ಪಡೆಯುವ ಅರ್ಹತೆಯಿದೆ, ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ದೀನರಿಗೆ ಉಚಿತ ನೆರವು ನೀಡುವುದು ವಕೀಲನು ಸಮಾಜಕ್ಕೆ ಸಲ್ಲಿಸಬೇಕಾದ ಅತ್ಯುನ್ನತ ಕರ್ತವ್ಯಗಳಲ್ಲೊಂದು ಎಂಬುದು ಅದರ ತಾತ್ಪರ್ಯ. ಮಿತಿಯೊಳಗೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಆದ್ದರಿಂದ ನನ್ನ ಕೋರಿಕೆ ಚಿಕ್ಕದು: ವಾರಕ್ಕೆ ಎರಡು ಗಂಟೆ, ಆದರೆ ತಪ್ಪದೆ.

ಆ ಎರಡು ಗಂಟೆಯನ್ನು ಎಲ್ಲಿ ಕೊಡಬೇಕು? ನಾಲ್ಕು ಸ್ಥಳಗಳನ್ನು ಹೇಳುತ್ತೇನೆ.

ಒಂದು, ಜಿಲ್ಲಾ ಪ್ರಾಧಿಕಾರದ ಪ್ಯಾನೆಲ್. ಇಲ್ಲಿ ವಕೀಲರಿಗೆ ಸರ್ಕಾರ ಒಂದಿಷ್ಟು ಗೌರವಧನ ಕೊಡುತ್ತದೆ, ಕಕ್ಷಿದಾರನಿಂದ ಬಿಡಿಗಾಸೂ ಪಡೆಯುವಂತಿಲ್ಲ. 2022ರ ಯೋಜನೆಯಂತೆ ಅನೇಕ ಜಿಲ್ಲೆಗಳಲ್ಲಿ ಬಡ ಆರೋಪಿಗಳ ಕ್ರಿಮಿನಲ್ ಪ್ರಕರಣಗಳಿಗೆ ಪೂರ್ಣಾವಧಿ ರಕ್ಷಣಾ ವಕೀಲರು ನೇಮಕವಾಗಿದ್ದಾರೆ. ಆದರೂ ಸಿವಿಲ್ ಮತ್ತು ಕೌಟುಂಬಿಕ ವ್ಯಾಜ್ಯಗಳಲ್ಲಿ ಪ್ಯಾನೆಲ್ ವಕೀಲರ ಅಗತ್ಯ ಹಾಗೆಯೇ ಇದೆ.

ಎರಡು, ಕೇಂದ್ರ ನ್ಯಾಯ ಇಲಾಖೆ 2017ರಲ್ಲಿ ಆರಂಭಿಸಿದ 'ನ್ಯಾಯ ಬಂಧು'. ಸಂಪೂರ್ಣ ಉಚಿತವಾಗಿ ಕೆಲಸ ಮಾಡಲು ಒಪ್ಪುವ ವಕೀಲರು ಇಲ್ಲಿ ಹೆಸರು ನೋಂದಾಯಿಸಬಹುದು. 12ನೇ ಕಲಮಿನಡಿ ಅರ್ಹರಾದವರನ್ನು ಅವರೊಡನೆ ಜೋಡಿಸಲಾಗುತ್ತದೆ.

ಮೂರು, ಜೈಲು. ಜಾಮೀನು ಮಂಜೂರಾದರೂ ಜಾಮೀನುದಾರರು ಸಿಗದೆ ಒಳಗೇ ಉಳಿಯುವವರಿದ್ದಾರೆ. ಜಾಮೀನು ಆದೇಶವಾಗಿ 7 ದಿನಗಳಲ್ಲಿ ಬಿಡುಗಡೆಯಾಗದವರ ವಿಷಯವನ್ನು ಜೈಲಿನ ಅಧೀಕ್ಷಕರು ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಆದೇಶಿಸಿದೆ. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಎಂದೂ ಶಿಕ್ಷೆಗೊಳಗಾಗದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣಗಳಿರುವವರಿಗೆ ಇದು ಅನ್ವಯಿಸದು. ಈ ಲೆಕ್ಕವನ್ನು ಯಾರಾದರೂ ಕುಳಿತು ಮಾಡಬೇಕು, ಅರ್ಜಿ ಬರೆಯಬೇಕು.

ನಾಲ್ಕು, ನಮ್ಮ ಸಂಘದ ಕಟ್ಟಡವೇ. ಭಾನುವಾರ ಬೆಳಿಗ್ಗೆ ಒಂದು ಕೋಣೆ, ಒಂದು ಮೇಜು, ಬೀಗವಿರುವ ಒಂದು ಕಪಾಟು, ಸರದಿಯಂತೆ ಬರುವ ನಾಲ್ವರು ವಕೀಲರು. ಜಾತಿ ಮತ ಕೇಳದೆ ಬಂದವರ ಕಾಗದ ಓದಿ ಹೇಳುವುದು, ಅರ್ಜಿ ಬರೆದು ಕೊಡುವುದು, ಮೊಕದ್ದಮೆ ಬೇಕಾದರೆ ಪ್ರಾಧಿಕಾರಕ್ಕೆ ಕಳುಹಿಸುವುದು. ರಾಜಿಯಾಗುವಂತಹದ್ದಾದರೆ ಜನತಾ ನ್ಯಾಯಾಲಯದ ದಾರಿ ತೋರಿಸುವುದು. ಅಲ್ಲಿಯ ತೀರ್ಪಿಗೆ ಮೇಲ್ಮನವಿಯಿಲ್ಲ ಎಂಬುದನ್ನು ಸಹಿ ಹಾಕುವ ಮೊದಲೇ ತಿಳಿಸುವುದು.

ಇಲ್ಲಿ ಒಂದು ಎಚ್ಚರಿಕೆ. ಈ ಮೇಜು ಕೇಸು ಹಿಡಿಯುವ ಬಲೆಯಾಗಬಾರದು. ಉಚಿತ ಸಲಹೆಗೆಂದು ಬಂದವರನ್ನು ಅದೇ ವಕೀಲರು ಮರುದಿನ ಫೀಸಿನ ಕಕ್ಷಿದಾರರನ್ನಾಗಿ ಮಾಡಿಕೊಂಡರೆ ಜನರ ನಂಬಿಕೆ ಅಲ್ಲಿಗೆ ಮುಗಿಯಿತು. ವಕೀಲರು ಕೆಲಸಕ್ಕಾಗಿ ಪ್ರಚಾರ ಮಾಡಿಕೊಳ್ಳುವುದನ್ನು ಪರಿಷತ್ತಿನ ನಿಯಮವೂ ನಿಷೇಧಿಸಿದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಉಚಿತ ಎಂದರೆ ಅಗ್ಗ ಎಂದಲ್ಲ. ಮಧ್ಯಪ್ರದೇಶದ ಖಂಡ್ವಾದಲ್ಲಿ 2013ರಲ್ಲಿ ಒಂದು ಮಗುವಿನ ಕೊಲೆ ಪ್ರಕರಣ ನಡೆಯಿತು. ಬಡ ಆರೋಪಿಗೆ ಕಾನೂನು ಸೇವೆಯಿಂದ ವಕೀಲರನ್ನು ಕೊಟ್ಟ ದಿನವೇ ದೋಷಾರೋಪ ನಿಗದಿಯಾಯಿತು. ಸುಮಾರು ಎರಡು ವಾರದಲ್ಲಿ ವಿಚಾರಣೆ ಮುಗಿದು ಮರಣದಂಡನೆಯೂ ಆಯಿತು. ಕಡತ ಓದಲು ವಕೀಲರಿಗೆ ಸಮಯವೇ ಇರಲಿಲ್ಲವೆಂದು 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿ ಹೊಸದಾಗಿ ವಿಚಾರಣೆ ನಡೆಸಲು ಹೇಳಿತು. ಇಂತಹ ಗಂಭೀರ ಪ್ರಕರಣಗಳಲ್ಲಿ ಕನಿಷ್ಠ 10 ವರ್ಷ ಅನುಭವವಿರುವವರನ್ನೇ ನೇಮಿಸಬೇಕು, ಸಿದ್ಧತೆಗೆ ಸಾಮಾನ್ಯವಾಗಿ 7 ದಿನವಾದರೂ ಕೊಡಬೇಕು ಎಂದಿತು. ಮುಂದೆ 2024ರಲ್ಲಿ ಆ ವ್ಯಕ್ತಿ ಖುಲಾಸೆಯಾದ. ಹನ್ನೊಂದು ವರ್ಷ ಹೋಯಿತು, ಮಗುವನ್ನು ಕಳೆದುಕೊಂಡ ಮನೆಯವರಿಗೂ ನ್ಯಾಯ ಸಿಗಲಿಲ್ಲ. ಹೆಸರಿಗೆ ಮಾತ್ರ ಪಕ್ಕದಲ್ಲಿ ನಿಲ್ಲುವ ವಕೀಲನಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ಆದ್ದರಿಂದ ಉಚಿತ ಪ್ರಕರಣಕ್ಕೂ ಬೇರೆ ಪ್ರಕರಣದಂತೆಯೇ ಕಡತವಿರಲಿ, ಡೈರಿಯಲ್ಲಿ ತಾರೀಕು ಇರಲಿ. ಎಷ್ಟು ಕೆಲಸ ಮಾಡಿಕೊಡುತ್ತೇನೆ, ಎಲ್ಲಿಗೆ ನಿಲ್ಲಿಸುತ್ತೇನೆ ಎಂಬುದನ್ನು ಮೊದಲ ದಿನವೇ ಕಕ್ಷಿದಾರನಿಗೆ ಅವನ ಭಾಷೆಯಲ್ಲಿ ಹೇಳಬೇಕು. ಮನೆಯ ಗುಟ್ಟು ಮೇಜಿನಿಂದ ಆಚೆ ಹೋಗಬಾರದು. ಗೊತ್ತಿಲ್ಲದ ವಿಷಯವಾದರೆ ಗೊತ್ತಿರುವವರ ಬಳಿ ಕಳುಹಿಸಬೇಕು. ಹತ್ತು ಕೇಸು ಒಪ್ಪಿಕೊಂಡು ಎಂಟನ್ನು ಕೈಬಿಡುವುದಕ್ಕಿಂತ ಎರಡನ್ನು ಒಪ್ಪಿ ಎರಡನ್ನೂ ದಡ ಮುಟ್ಟಿಸುವುದು ಮೇಲು.

ವಿದ್ಯಾರ್ಥಿ ಮಿತ್ರರೇ, ನೀವು ಸನ್ನದು ಸಿಗುವವರೆಗೆ ಕೋರ್ಟಿನಲ್ಲಿ ವಾದಿಸುವಂತಿಲ್ಲ. ಆದರೆ ಕೆಲಸ ಬೇಕಾದಷ್ಟಿದೆ. ಕಾನೂನು ಕಾಲೇಜುಗಳ ನೆರವು ಕೇಂದ್ರದಲ್ಲಿ ಸೇರಬಹುದು. ಕಾನೂನು ಓದದವರೂ ಪ್ರಾಧಿಕಾರದಲ್ಲಿ ತರಬೇತಿ ಪಡೆದು ಅರೆ ಕಾನೂನು ಸ್ವಯಂಸೇವಕರಾಗಬಹುದು. ನಿಮ್ಮ ಬೀದಿಯಲ್ಲಿ ಯಾರದಾದರೂ ಮನೆಗೆ ನೋಟಿಸು ಬಂದರೆ ಅದು ತಲುಪಿದ ದಿನಾಂಕವನ್ನು ಲಕೋಟೆಯ ಮೇಲೆ ಬರೆದಿಡಿ, ಲಕೋಟೆಯನ್ನು ಎಸೆಯಲು ಬಿಡಬೇಡಿ. ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಮದುವೆಯ ದಾಖಲೆಗಳನ್ನು ಒಂದು ಫೈಲಿನಲ್ಲಿ ಜೋಡಿಸಿಕೊಡಿ. ರಾಷ್ಟ್ರೀಯ ಸಹಾಯವಾಣಿ 15100 ಸಂಖ್ಯೆಯನ್ನು ನೆರೆಹೊರೆಯವರಿಗೆ ಹೇಳಿಕೊಡಿ. ವಕೀಲರ ಅರ್ಧ ಕೆಲಸ ಅಲ್ಲಿಗೆ ಮುಗಿದಂತೆ.

ಸದಸ್ಯ ಬಂಧುಗಳೇ, ಹಣ ಕೂಡಿಸಿ ಎಂದು ನಾನು ಕೇಳುತ್ತಿಲ್ಲ. ಕೋಣೆಯ ಬೀಗದ ಕೈ ಕೊಡಿ, ನಾಲ್ವರು ವಕೀಲರು ಹೆಸರು ಕೊಡಲಿ, ಆರು ಜನ ವಿದ್ಯಾರ್ಥಿಗಳು ರಿಜಿಸ್ಟರು ಬರೆಯಲಿ. ಮುಂದಿನ ವಾರ್ಷಿಕ ವರದಿಯಲ್ಲಿ ವಿದ್ಯಾರ್ಥಿವೇತನದ ಪಟ್ಟಿಯ ಕೆಳಗೆ, ಇಷ್ಟು ಜನರ ಕಾಗದ ಓದಿ ಹೇಳಿದೆವು, ಇಷ್ಟು ಜನರನ್ನು ಪ್ರಾಧಿಕಾರಕ್ಕೆ ತಲುಪಿಸಿದೆವು ಎಂಬ ಎರಡು ಸಾಲು ಸೇರಲಿ. ಆ ಸಂಖ್ಯೆ ಚಿಕ್ಕದಿದ್ದರೂ ಚಿಂತೆಯಿಲ್ಲ, ನಿಜವಾದದ್ದಾಗಿರಲಿ.