ಕಾಣುವವರ ಕರ್ತವ್ಯ



ಭಟ್ಕಳ, ಹೊನ್ನಾವರ, ಕುಮಟಾ ಸೀಮೆಗಳಿಂದ ಇಲ್ಲಿ ನೆರೆದಿರುವ ತಾವೆಲ್ಲರೂ ಸಂತೆಯ ದಾರಿಯಲ್ಲಿ ಒಂದು ನೋಟವನ್ನು ಕಂಡಿರಬಹುದು. ಕಣ್ಣಿಲ್ಲದ ವೃದ್ಧನು ಕೋಲಿನ ಒಂದು ತುದಿಯನ್ನು ಹಿಡಿದಿರುವನು. ಮೊಮ್ಮಗನು ಮತ್ತೊಂದು ತುದಿಯನ್ನು ಹಿಡಿದು ಮುಂದೆ ನಡೆಯುವನು. ಹುಡುಗನು ತನ್ನ ಹುಮ್ಮಸ್ಸಿನಿಂದ ಓಡಿದರೆ ಅಜ್ಜನು ಮುಗ್ಗರಿಸುವನು. ಕಾಣುವವನು ಕಾಣದವನ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಹೊಂದಿಸಿಕೊಳ್ಳಬೇಕೆಂಬುದೇ ಇಲ್ಲಿಯ ನೀತಿ. ಈ ನೀತಿಯು ಕ್ರೀಡಾರಂಗದಲ್ಲಿ ಹೇಗೆ ಫಲಿಸಿತೆಂಬುದನ್ನು ಇಬ್ಬರ ಚರಿತ್ರೆಯಿಂದ ವಿಚಾರಿಸೋಣ.

ಸ್ಕಾಟ್ಲೆಂಡಿನ ನೀಲ್ ಫಾಚಿ ಎಂಬಾತನು ಮಂದದೃಷ್ಟಿಯವನು. 2008ರಲ್ಲಿ ಬೀಜಿಂಗಿನ ಪ್ಯಾರಾಲಿಂಪಿಕ್ ಕೂಟದಲ್ಲಿ ಓಟಗಾರನಾಗಿ ಸ್ಪರ್ಧಿಸಿ ಪದಕವಿಲ್ಲದೆ ಮರಳಿದನು. ಆದರೂ ಎದೆಗುಂದದೆ ಎರಡು ಪೀಠಗಳ ಬೈಸಿಕಲ್ಲನ್ನು ಏರಿದನು. ಮುಂದಿನ ಪೀಠದಲ್ಲಿ ಕಣ್ಣುಳ್ಳ ಸವಾರನು, ಹಿಂದಿನದರಲ್ಲಿ ಈತನು. ಇಬ್ಬರ ಪೆಡಲುಗಳನ್ನೂ ಸರಪಳಿಯು ಬಂಧಿಸಿರುವುದರಿಂದ ಅವು ಒಟ್ಟಿಗೇ ತಿರುಗುವುವು. ಪಂದ್ಯದ ಆ ವಾಹನಕ್ಕೆ ಬ್ರೇಕೂ ಇಲ್ಲ. ಪರಸ್ಪರ ವಿಶ್ವಾಸವೊಂದೇ ಆಧಾರ. 2012ರಲ್ಲಿ ಲಂಡನ್ನಿನಲ್ಲಿ ಬಾರ್ನಿ ಸ್ಟೋರಿಯೊಡನೆಯೂ, 2021ರಲ್ಲಿ ಟೋಕಿಯೋದಲ್ಲಿ ಮ್ಯಾಟ್ ರಾಥರಮ್‌ನೊಡನೆಯೂ ಒಂದು ಸಾವಿರ ಮೀಟರಿನ ಪಂದ್ಯದಲ್ಲಿ ಆತನು ಚಿನ್ನದ ಪದಕವನ್ನು ಗಳಿಸಿದನು. ಜೊತೆಯ ಸವಾರನಿಗೂ ಅದೇ ಪದಕವು ಸಂದಿತು.

ಇಂತಹ ಸಾಹಸವು ಪರದೇಶಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕುಮಾರಿ ರಕ್ಷಿತಾ ರಾಜು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡಳು. ಕಣ್ಣು ಕಾಣದ ಈ ಮಗುವನ್ನು ಕಿವಿ ಕೇಳದ, ಮಾತು ಬಾರದ ಅಜ್ಜಿಯು ಸಾಕಿದಳು. ಒಬ್ಬಳ ಸನ್ನೆಯು ಇನ್ನೊಬ್ಬಳಿಗೆ ಕಾಣದು. ಇವಳ ಕರೆಯು ಅವಳಿಗೆ ಕೇಳದು. ಆದರೂ ಆ ಮನೆಯಲ್ಲಿ ವಾತ್ಸಲ್ಯಕ್ಕೆ ಕೊರತೆಯಾಗಲಿಲ್ಲ. ಅಂಧರ ಶಾಲೆಯಲ್ಲಿ ಕಲಿತ ಈ ಬಾಲಿಕೆ ಓಟಗಾರ್ತಿಯಾದಳು.

ಓಟದಲ್ಲಿ ಆಕೆಯ ಜೊತೆಗಾರರು ರಾಹುಲ್ ಬಾಲಕೃಷ್ಣ. ಇಬ್ಬರ ಕೈಗಳನ್ನೂ ಒಂದು ಕಿರುದಾರವು ಕೂಡಿಸುವುದು. ಜೊತೆಗಾರನು ಓಟಗಾರ್ತಿಯನ್ನು ಎಳೆಯಬಾರದು, ನೂಕಬಾರದು. ಗುರಿಯ ಗೆರೆಯನ್ನು ಆಕೆಗಿಂತ ಮೊದಲು ದಾಟಲೂ ಬಾರದು. ವೇಗವುಳ್ಳವನು ತನ್ನ ವೇಗವನ್ನು ಅಡಗಿಸಿಕೊಂಡು ಮತ್ತೊಬ್ಬರ ಗೆಲುವಿಗಾಗಿ ಓಡುವುದು ಸುಲಭವಾದ ಸಾಧನೆಯೇ? 2018ರಲ್ಲಿ ಜಕಾರ್ತದಲ್ಲಿಯೂ, 2023ರಲ್ಲಿ ಹ್ಯಾಂಗ್‌ಝೌನಲ್ಲಿಯೂ ನಡೆದ ಏಷ್ಯಾದ ಪ್ಯಾರಾ ಕ್ರೀಡಾಕೂಟಗಳಲ್ಲಿ ರಕ್ಷಿತಾ 1500 ಮೀಟರಿನ ಓಟದಲ್ಲಿ ಚಿನ್ನವನ್ನು ಪಡೆದಳು. 2024ರಲ್ಲಿ ಪ್ಯಾರಿಸಿನ ಪ್ಯಾರಾಲಿಂಪಿಕ್ ಕೂಟದಲ್ಲಿಯೂ ಓಡಿದಳು. ಅಲ್ಲಿ ಅಂತಿಮ ಸುತ್ತಿಗೆ ಏರಲಾಗಲಿಲ್ಲ. ಆದರೆ ಅಷ್ಟು ದೂರ ಸಾಗಿದ ಹೆಜ್ಜೆಗಳು ವ್ಯರ್ಥವೆಂದು ಯಾರು ಹೇಳಬಲ್ಲರು?

ಮಹಾಶಯರೇ, ತಮ್ಮ ಊರುಗಳಲ್ಲಿಯೂ ಕಣ್ಣಿಲ್ಲದ ಮಗುವೊಂದು ಜಗಲಿಯ ಮೇಲೆ ಕುಳಿತು, ಇತರ ಮಕ್ಕಳು ಆಡುವ ಸದ್ದನ್ನು ಕೇಳುತ್ತಿರಬಹುದು. ಅದಕ್ಕೆ ಅನ್ನವನ್ನಿಕ್ಕಿ ಮರುಗಿದ ಮಾತ್ರಕ್ಕೆ ನಮ್ಮ ಧರ್ಮವು ಮುಗಿಯಲಿಲ್ಲ. ಆ ಮಗುವನ್ನು ಶಾಲೆಗೆ ಸೇರಿಸಬೇಕು, ಬಯಲಿಗೆ ಕರೆತರಬೇಕು, ದಾರದ ಇನ್ನೊಂದು ತುದಿಯನ್ನು ಹಿಡಿಯಬೇಕು. ಹಿಡಿದ ಮೇಲೆ ಎಳೆಯದೆ, ಬಿಡದೆ, ಅದರ ಹೆಜ್ಜೆಗೆ ಹೆಜ್ಜೆಯನ್ನು ಕೂಡಿಸಿ ನಡೆಯಬೇಕು. ಕಾಣುವ ಕಣ್ಣುಗಳಿಗೆ ಇದಕ್ಕಿಂತ ಹಿರಿದಾದ ಸಾರ್ಥಕ್ಯವಿಲ್ಲ.

ಸರ್ವರಿಗೂ ಮಂಗಳವಾಗಲಿ.